ಒಂದು ಒತ್ತು, ಒಂದು ಗುಂಡು

ಶಿಗ್ಗಾಂವಿಯಿಂದ ಸವಣೂರಿಗೆ ಬರುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಒಂದು ಹಳೆಯ ಕಲ್ಲಿನ ಕ್ವಾರಿ ಇದೆ. ಕಲ್ಲು ತೆಗೆದು ತೆಗೆದು ಹೊಟ್ಟೆ ಬರಿದಾದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಆಡು ಮೇಯಿಸುವವರು ಕೂಡ ಅತ್ತ ಸುಳಿಯುತ್ತಿರಲಿಲ್ಲ. ಈಗ ಅದರ ಸುತ್ತ ತಂತಿ ಬೇಲಿ ಬಂದಿದೆ, ಬಾಗಿಲಲ್ಲಿ ಕಾವಲಿದೆ, ಒಂದು ಕೆಂಪು ಬಾವುಟವೂ ಇದೆ. ಬಾವುಟ ಏರಿಸಿದ್ದಾರೆಂದರೆ ಒಳಗೆ ಕೊಟ್ರೇಶ ಬೋರಲು ಮಲಗಿ ಗುಂಡು ಹಾರಿಸುತ್ತಿದ್ದಾನೆ ಎಂದರ್ಥ.

ಹಾರಿಸುವುದು ಎಂಥ ಬಂದೂಕು ಅನ್ನುವುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಫೌಜಿನಲ್ಲಿ ಎಲ್‌ಎಂಜಿ ಅನ್ನುವ ಮಷಿನ್ ಗನ್ ಇರುತ್ತದೆ. ಟ್ರಿಗರ್ ಒತ್ತಿ ಹಿಡಿದರೆ ಸಾಕು, ಬಿಡುವ ತನಕ ಗುಂಡಿನ ಮೇಲೆ ಗುಂಡು. ಕ್ವಾರಿಯನ್ನು ಹಿಡಿದ ಬಂದೂಕಿನ ಕಂಪನಿಯವರು ಮಾಡುತ್ತಿದ್ದದ್ದು ಅದರದೇ ಮೈಕಟ್ಟಿನ ಇನ್ನೊಂದು. ನೋಡಲು ಥೇಟ್ ಅದೇ, ಅಷ್ಟೇ ಭಾರ, ಅಷ್ಟೇ ಗತ್ತು, ಆದರೆ ಒಮ್ಮೆ ಒತ್ತಿದರೆ ಒಂದೇ ಗುಂಡು. ಇನ್ನೊಂದು ಬೇಕೆಂದರೆ ಬೆರಳು ಬಿಟ್ಟು ಮತ್ತೆ ಒತ್ತಬೇಕು. ಸಮುದ್ರದ ಆಚೆ ಇಂಥದ್ದನ್ನು ಮನೆಯಲ್ಲಿಟ್ಟುಕೊಂಡು, ರವಿವಾರ ಬಯಲಿಗೆ ಹೋಗಿ ಹಾರಿಸಿ ಬರುವ ಸಾಮಾನ್ಯ ಜನರಿದ್ದಾರಂತೆ. ನಮ್ಮಲ್ಲಿ ಹಂದಿ ಓಡಿಸಲು ಒಂದು ಕೋವಿಯ ಲೈಸೆನ್ಸ್ ಸಿಗಬೇಕಾದರೆ ಚಪ್ಪಲಿ ಸವೆಯುತ್ತವೆ. ಇರಲಿ, ಅವರವರ ಊರಿನ ಹಬ್ಬ ಅವರವರಿಗೆ.

ಈ ಬಂದೂಕನ್ನು ಹಾರಿಸಿ ನೋಡಿ, ಸರಿಯಾಗಿದೆ ಎಂದು ಹೇಳುವುದು ಕೊಟ್ರೇಶನ ಕೆಲಸ. ಹಡಗು ಹತ್ತಿಸುವ ಮೊದಲು ಗೊತ್ತಾಗಬೇಕಾದದ್ದು ಮುಖ್ಯವಾಗಿ ಒಂದೇ. ಒಂದು ಒತ್ತಿಗೆ ಒಂದೇ ಗುಂಡು ಹಾರಬೇಕು. ತಪ್ಪಿ ಎರಡು ಹಾರಿತೋ, ಕೊಳ್ಳುವವರ ದೇಶದ ಕಾನೂನಿನಲ್ಲಿ ಅದು ಮಷಿನ್ ಗನ್ ಆಗಿಬಿಡುತ್ತದೆ. ಇಟ್ಟುಕೊಂಡವನಿಗೂ ಜೈಲು, ಮಾರಿದವನಿಗೂ ಜೈಲು.

ಕೊಟ್ರೇಶ ಯಲವಿಗಿಯವನು. ಫೌಜಿನಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ಹವಾಲ್ದಾರನಾಗಿ ನಿವೃತ್ತನಾದವನು. ಊರಿಗೆ ಬಂದ ಹೊಸದರಲ್ಲಿ, ಇನ್ನು ಮನೆಯಲ್ಲಿ ಆರಾಮಾಗಿ ಇರುತ್ತೇನೆ ಅಂದುಕೊಂಡಿದ್ದ. ಆದರೆ ಮನೆಗೆ ಅವನು ಬೇಕಾಗಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದೇ ಕಷ್ಟ. ಹೆಂಡತಿ ಶೇಖವ್ವ ಒಬ್ಬಳೇ ಎಲೆಬಳ್ಳಿಯ ತೋಟ ನಡೆಸಿದ್ದಳು, ಆಳು ಹಿಡಿದಿದ್ದಳು, ಮಗಳು ಹೇಮಾಳನ್ನು ಓದಿಸಿ ಹಿರೇಕೆರೂರಿಗೆ ಮದುವೆ ಮಾಡಿ ಕೊಟ್ಟಿದ್ದಳು. ವರ್ಷಕ್ಕೊಮ್ಮೆ ರಜೆಯ ಮೇಲೆ ಬರುವ ಗಂಡನನ್ನು ಹಬ್ಬ ಮಾಡಿದಂತೆ ನೋಡಿಕೊಳ್ಳುತ್ತಿದ್ದಳು. ಹಬ್ಬವೇ ಬಂದು ಮನೆಯಲ್ಲಿ ಠಿಕಾಣಿ ಹೂಡಿದರೆ ಯಾರು ತಾನೇ ದಿನಾ ಹೋಳಿಗೆ ಮಾಡುತ್ತಾರೆ? ಒಂದು ದಿನ ಅವನು ತೋಟಕ್ಕೆ ಹೋಗಿ ಬಳ್ಳಿ ಕಟ್ಟಿ ಬಂದ. ಮರುದಿನ ಹೋಗಿ ನೋಡಿದರೆ ಶೇಖವ್ವ ಅವನು ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಸಿಟ್ಟಿನಿಂದಲ್ಲ, ಸುಮ್ಮನೆ, ಮಕ್ಕಳು ಚೆಲ್ಲಿದ ಕಾಳು ಎತ್ತಿಡುವ ಹಾಗೆ. ಹೇಮಾ ಫೋನ್ ಮಾಡಿದಾಗ ಇವನು ಎತ್ತಿದರೆ, ಆರಾಮ ಇದ್ದೀಯೇನಪ್ಪಾ ಎಂದು ಕೇಳಿ, ಅವ್ವನ ಕೈಗೆ ಕೊಡು ಅನ್ನುತ್ತಿದ್ದಳು. ಇವನು ಕೊಡುತ್ತಿದ್ದ. ಆಮೇಲೆ ಕಟ್ಟೆಗೆ ಹೋಗಿ ಕೂರುತ್ತಿದ್ದ. ಒಳಗೆ ತಾಯಿ ಮಗಳು ನಗುವುದು ಕೇಳುತ್ತಿತ್ತು. ತುಂಬಿದ ಮನೆಯಲ್ಲಿ ಒಂಟಿಯಾಗುವುದು ಹೇಗೆಂದು ಅವನು ಅಲ್ಲಿ ಕಲಿತ.

ಅದಕ್ಕೇ ಕ್ವಾರಿಯ ಕೆಲಸ ಸಿಕ್ಕಾಗ ಅವನಿಗೆ ಜೀವ ಬಂದಂತಾಯಿತು. ಜಮಖಾನದ ಮೇಲೆ ಬೋರಲು ಬಿದ್ದು, ಬಂದೂಕಿನ ಹಿಡಿಯನ್ನು ಭುಜಕ್ಕೆ ಒತ್ತಿಕೊಂಡರೆ ಮೈಗೆ ಏನು ಮಾಡಬೇಕೆಂದು ತಾನೇ ಗೊತ್ತಾಗುತ್ತಿತ್ತು. ಅವನು ಕಟ್ಟಿದ್ದನ್ನು ಇಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ.

ಒಂದು ವಿಚಿತ್ರವಿತ್ತು. ಮಲಗುವಾಗ ಅವನು ಜಮಖಾನದ ಬಲತುದಿಗೆ ಸರಿದು ಮಲಗುತ್ತಿದ್ದ. ಎಡಕ್ಕೆ ಒಬ್ಬ ಆಳು ಮಲಗುವಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಮಷಿನ್ ಗನ್ ಒಬ್ಬನ ಹತ್ಯಾರವಲ್ಲ, ಇಬ್ಬರದು. ಹಾರಿಸುವವನು ನಂಬರ್ ಏಕ್. ಅವನ ಎಡಕ್ಕೆ ಮಲಗಿ ಗುಂಡಿನ ಮ್ಯಾಗಜೀನ್ ಬದಲಿಸುತ್ತ, ಕಣ್ಣಿಡುತ್ತ ಇರುವವನು ನಂಬರ್ ದೋ. ಕೊಟ್ರೇಶನ ನಂಬರ್ ದೋ ಸವಣೂರಿನ ಬಿಲಾಲ. ಒಂದೇ ತಾಲೂಕಿನವರು ಒಂದೇ ಬಂದೂಕಿಗೆ ಬಿದ್ದದ್ದು ಪಲ್ಟನ್ನಿಗೆಲ್ಲ ತಮಾಷೆಯಾಗಿತ್ತು. ವರ್ಷಗಟ್ಟಲೆ ಅವರಿಬ್ಬರೂ ಮಂಜಿನಲ್ಲಿ, ಮರಳಿನಲ್ಲಿ, ಕೆಸರಿನಲ್ಲಿ ಹಾಗೆ ಮಗ್ಗುಲಿಗೆ ಮಗ್ಗುಲು ಹಚ್ಚಿ ಮಲಗಿದ್ದರು. ಬಿಲಾಲನ ಬಲಗೈ ಯಾವಾಗಲೂ ಕೊಟ್ರೇಶನ ಭುಜದ ಮೇಲೆ ಇರುತ್ತಿತ್ತು. ಹೆಂಡತಿಯ ಮಗ್ಗುಲಲ್ಲಿ ಅಷ್ಟು ರಾತ್ರಿ ಕಳೆಯಲಿಲ್ಲ ಎಂದು ಕೊಟ್ರೇಶ ನಕ್ಕು ಹೇಳಿಕೊಳ್ಳುತ್ತಿದ್ದ. ಅದು ನಗುವ ಮಾತಲ್ಲ, ನಿಜವೇ ಆಗಿತ್ತು.

ಅವರ ನಡುವೆ ಒಂದು ಪದವೂ ಇತ್ತು. ಮಷಿನ್ ಗನ್ನನ್ನು ಒತ್ತಿಹಿಡಿದು ಬಿಡದೆ ಹಾರಿಸಿದರೆ ನಳಿಗೆ ಕಾದು ಕೆಂಪಾಗುತ್ತದೆ, ಗುಂಡೂ ದಂಡ. ಅದಕ್ಕೆ ಮೂರು ನಾಲ್ಕು ಗುಂಡು ಹಾರುವಷ್ಟು ಹೊತ್ತು ಮಾತ್ರ ಒತ್ತಬೇಕು. ಅಷ್ಟು ಹೊತ್ತನ್ನು ಅಳೆಯಲು ಮನಸ್ಸಿನಲ್ಲಿ ಒಂದು ಮಾತು ಅಂದುಕೊಳ್ಳಿ ಎಂದು ಉಸ್ತಾದ ಕಲಿಸಿದ್ದ. ಅವನು ಹೇಳಿಕೊಟ್ಟ ಹಿಂದಿ ಮಾತು ಕೊಟ್ರೇಶನ ನಾಲಿಗೆಗೆ ಹೊರಳಲಿಲ್ಲ. ಅವನು ತನ್ನ ಊರಿನ ಹೆಸರನ್ನೇ ಇಟ್ಟುಕೊಂಡ. ‘ಯ’ ಅಂದಾಗ ಒತ್ತುವುದು, ‘ಗಿ’ ಅಂದಾಗ ಬಿಡುವುದು. ಯಲವಿಗಿ. ಪಕ್ಕದಲ್ಲಿ ಬಿಲಾಲನ ತುಟಿಯೂ ಅಲುಗುತ್ತಿತ್ತು. ಇಬ್ಬರೂ ಕೂಡಿ ಊರಿನ ಹೆಸರು ಹೇಳಿ ಗುಂಡು ಹಾರಿಸುತ್ತೇವೆ ಅನ್ನುವುದು ಕೊಟ್ರೇಶನಿಗೆ ಯಾವ ಪದಕಕ್ಕಿಂತಲೂ ದೊಡ್ಡದಾಗಿತ್ತು.

ಈಗ ತೊಂದರೆಯ ಮಾತಿಗೆ ಬರೋಣ. ಬಂದೂಕಿನ ಹೊಸ ಮಾದರಿ ತಯಾರಿಸಿದವಳು ವಿದ್ಯಾ. ಹಾನಗಲ್ ಕಡೆಯ ಆಡೂರಿನ ಹುಡುಗಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವಳು, ಶಿಗ್ಗಾಂವಿಯಲ್ಲಿ ರೂಮು ಹಿಡಿದು ಕೆಲಸಕ್ಕೆ ಬರುತ್ತಿದ್ದಳು. ಹಳೆಯ ಮಾದರಿಯ ಟ್ರಿಗರ್ ಬಿರುಸು, ಬೆರಳು ನೋಯುತ್ತದೆ ಎಂದು ಕೊಳ್ಳುವವರು ಅಂದದ್ದಕ್ಕೆ ಅವಳು ಅದನ್ನು ಹಗುರ ಮಾಡಿದ್ದಳು. ಆವತ್ತಿನಿಂದ ಬಂದೂಕು ನಡುನಡುವೆ ಎರಡು ಹಾರತೊಡಗಿತು. ಪ್ರತಿಸಲ ಅಲ್ಲ, ಎಂದೋ ಒಮ್ಮೆ. ಎಂದೋ ಒಮ್ಮೆ ಬರುವ ರೋಗಕ್ಕೇ ಮದ್ದು ಸಿಗುವುದಿಲ್ಲ. ಮೊದಲನೆಯ ಸಲ ಅವಳು ಎರಡು ಹಾರಿತು ಅಂದಾಗ ಕೊಟ್ರೇಶ ಒಪ್ಪಲೇ ಇಲ್ಲ. ಅವನ ಕಿವಿಗೆ ಒಂದೇ ಸದ್ದು ಬಂದಿತ್ತು. ಆದರೆ ನೆಲದ ಮೇಲೆ ಖಾಲಿ ತೋಟಾ ಎರಡು ಬಿದ್ದಿದ್ದವು, ಇನ್ನೂ ಹೊಗೆಯಾಡುತ್ತಿದ್ದವು.

ವಿದ್ಯಾ ಬಂದೂಕನ್ನು ಬಿಚ್ಚಿದಳು, ಕೂಡಿಸಿದಳು, ಸ್ಪ್ರಿಂಗ್ ಬದಲಿಸಿದಳು, ಮತ್ತೆ ಬಿಚ್ಚಿದಳು. ಊಟ ಬಿಟ್ಟಳು. ಸೋಮವಾರ ಕೊಳ್ಳುವವರ ಕಡೆಯ ಪರೀಕ್ಷಕ ಬರುವುದಿತ್ತು. ಅವನ ಎದುರು ಎರಡು ಹಾರಿದರೆ ಈ ಮಾದರಿಯನ್ನೇ ಕೈಬಿಡುತ್ತೇವೆ, ಕ್ವಾರಿಯ ಶೆಡ್ಡಿಗೂ ಬೀಗ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ವಿದ್ಯಾಳ ಎರಡು ವರ್ಷದ ಕೆಲಸ ಅದು. ಮನೆಯವರು ಬಂದೂಕು ಮಾಡುವ ಹುಡುಗಿ ಯಾರಿಗೆ ಬೇಕು ಎಂದು ಗೊಣಗುತ್ತಿದ್ದುದನ್ನು ಕಿವಿಗೆ ಹಾಕಿಕೊಳ್ಳದೆ ಮಾಡಿದ ಕೆಲಸ.

ಗುರುವಾರ ಮಧ್ಯಾಹ್ನ ಅವಳು ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು, ಜಾಲಿಗಿಡದ ನೆರಳಲ್ಲಿ ಕುಳಿತು ನೋಡುತ್ತಿದ್ದಳು. ಅವಳ ಕಣ್ಣು ಇದ್ದದ್ದು ಬಂದೂಕಿನ ಒಳಗೆ ಹಿಂದೆ ಮುಂದೆ ಸರಿಯುವ ಉಕ್ಕಿನ ಮೇಲೆ. ಕೊಟ್ರೇಶ ಅವಳ ಭುಜದ ಹಿಂದೆ ನಿಂತು ನೋಡಿದ. ಅವನಿಗೆ ಕಂಡದ್ದು ತನ್ನ ಬೆರಳು.

ಬೆರಳು ಒತ್ತಿತು, ಬಿಡಲಿಲ್ಲ. ಗುಂಡು ಹಾರಿ ಬಂದೂಕು ಹಿಂದೆ ಒದ್ದಾಗ ಟ್ರಿಗರ್ ಬೆರಳಿನಿಂದ ಕೂದಲೆಳೆಯಷ್ಟು ಕಳಚಿಕೊಂಡಿತು, ಬಂದೂಕು ಮತ್ತೆ ಮುಂದೆ ಬಂತು. ಬೆರಳು ಹಾಗೇ ಸಡಿಲಾಗಿ ಕಾಯುತ್ತ ನಿಂತಿತ್ತು. ಹಗುರಾದ ಟ್ರಿಗರ್ ತಾನೇ ಬಂದು ಅದಕ್ಕೆ ತಾಗಿತು. ಎರಡನೆಯ ಗುಂಡು ಹೋಯಿತು. ಆಮೇಲೆ ಬೆರಳು ನಿಧಾನಕ್ಕೆ ಎದ್ದಿತು. ಚಿತ್ರದ ಮೂಲೆಯಲ್ಲಿ ಅವನ ತುಟಿ ಕಾಣುತ್ತಿತ್ತು. ಅದು ಯಲವಿಗಿ ಅನ್ನುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಆ ಹುಡುಗಿ ಇಷ್ಟು ದಿನ ಬಂದೂಕಿನ ಹೊಟ್ಟೆ ಬಗೆಯುತ್ತಿದ್ದಳು. ರೋಗ ಇದ್ದದ್ದು ಬಂದೂಕಿನಲ್ಲಲ್ಲ, ಹವಾಲ್ದಾರನಲ್ಲಿ. ಅವಳು ನೀರಿಗೆಂದು ಎದ್ದುಹೋದಾಗ, ಅವನು ಖಾಲಿ ಬಂದೂಕಿನ ಹಿಂದೆ ಮಲಗಿ ಬೆರಳಿಗೆ ಬುದ್ಧಿ ಹೇಳಿದ. ಒತ್ತು, ಬಿಡು. ಒತ್ತು, ಬಿಡು. ಖಾಲಿ ಇದ್ದಾಗ ಬೆರಳು ಶಾಲೆಯ ಮಗುವಿನಂತೆ ಮಾತು ಕೇಳಿತು. ಸಂಜೆ ಗುಂಡು ತುಂಬಿ ಹಾರಿಸಿದಾಗ ಮತ್ತೆ ಎರಡು ಹಾರಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಸರ್ಕಾರ ಕಲಿಸಿದ್ದು. ಅದು ಇನ್ನೂ ಗಟ್ಟಿ.

ಹೇಳಿದರೆ ಈ ಜಮಖಾನದ ಮೇಲೆ ಅವನಿಗೆ ಜಾಗವಿಲ್ಲ. ಮತ್ತೆ ಆ ಕಟ್ಟೆ, ಒಳಗೆ ನಗುವವರ ದನಿ. ಹೇಳದಿದ್ದರೆ ಹುಡುಗಿಯ ಕೆಲಸ ಮಣ್ಣುಪಾಲು. ಶೆಡ್ಡಿಗೆ ಬೀಗ ಬಿದ್ದರೆ ಅವನಿಗೂ ಜಾಗವಿಲ್ಲ ನಿಜ, ಆದರೆ ಆಗ ತಪ್ಪು ಬಂದೂಕಿನದಾಗುತ್ತದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದ ಹಾಗೆ, ಮುಖ ಉಳಿಯುತ್ತದೆ. ಮನುಷ್ಯನಿಗೆ ಕೆಲವೊಮ್ಮೆ ಅಷ್ಟೇ ಸಾಕೆನಿಸುತ್ತದೆ. ಕೊಟ್ರೇಶನಿಗೂ ಹಾಗೇ ಅನಿಸಿತು, ಅದನ್ನು ಮುಚ್ಚಿಡಬೇಕಾಗಿಲ್ಲ.

ಬಸ್ಸಿನಲ್ಲಿ ಬರುವಾಗ ಅವನಿಗೆ ಇನ್ನೊಂದು ದಾರಿ ಹೊಳೆಯಿತು. ಬಿಲಾಲ! ಬಿಲಾಲನ ಬೆರಳಿಗೆ ಈ ಚಾಳಿ ಇರಲಿಕ್ಕಿಲ್ಲ, ಅವನು ಹಾರಿಸಿದ್ದೇ ಕಡಿಮೆ. ಅವನನ್ನು ಕರೆತಂದು ನಂಬರ್ ಏಕ್ ಮಾಡಿದರೆ? ತಾನು ಎಡಕ್ಕೆ ಮಲಗಿದರಾಯಿತು. ಇಬ್ಬರೂ ಮತ್ತೆ ಒಂದೇ ಜಮಖಾನದ ಮೇಲೆ. ಈ ಯೋಚನೆ ಬಂದದ್ದೇ ಅವನ ಎದೆ ಹೂವಾಯಿತು. ಇಷ್ಟು ಹತ್ತಿರವಿದ್ದೂ ಊರಿಗೆ ಬಂದಮೇಲೆ ಅವನು ಬಿಲಾಲನನ್ನು ಕಂಡದ್ದು ಎರಡು ಮದುವೆಗಳಲ್ಲಿ ಮಾತ್ರ. ಆ ಗದ್ದಲದಲ್ಲಿ ಕೈಹಿಡಿದು ನಕ್ಕದ್ದಷ್ಟೇ, ಕುಳಿತು ಮಾತಾಡಿರಲಿಲ್ಲ. ಮಾತಾಡುವ ಅಗತ್ಯವೇ ಇಲ್ಲದಷ್ಟು ಆಪ್ತರು ಎಂದುಕೊಂಡು ದಿನ ತಳ್ಳಿದ್ದ.

ಶುಕ್ರವಾರ ಕ್ವಾರಿ ತಪ್ಪಿಸಿ ಅವನು ಸವಣೂರಿಗೆ ಹೋದ. ಬಿಲಾಲನದು ಅಲ್ಲಿ ಖಾರಾ ಸೇವು ಕರಿದು ಮಾರುವ ಅಂಗಡಿ. ಹೊರಗೆ ಗಿರಾಕಿಗಳಿಗೆ ಪೊಟ್ಟಣ ಕಟ್ಟಿ ಕೊಡುತ್ತಿದ್ದವಳು ಅವನ ಸೊಸೆ ತಹಮೀನಾ. ಒಳಗೆ ದೊಡ್ಡ ಕಡಾಯಿಯ ಮುಂದೆ ಬೆವರು ಸುರಿಸುತ್ತ ಬಿಲಾಲ ಕುಳಿತಿದ್ದ. ಕೊಟ್ರೇಶ ಹಿಂದಿನಿಂದ ಕೂಗಿದರೆ ಅವನು ತಿರುಗಲಿಲ್ಲ. ಮಾವನಿಗೆ ಕೇಳಿಸುವುದಿಲ್ಲ ಕಾಕಾ, ಎದುರಿಗೆ ನಿಂತು ತುಟಿ ಕಾಣುವ ಹಾಗೆ ಮಾತಾಡಿ ಎಂದು ತಹಮೀನಾ ಹೇಳಿದಳು. ಹತ್ತಾರು ವರ್ಷದಿಂದಲೂ ಹೀಗೇ, ಫೌಜಿನಲ್ಲಿದ್ದಾಗಲೇ ಶುರುವಾಗಿತ್ತಂತೆ, ಹೊರಗೆ ಹಾಕಿಯಾರೆಂದು ಯಾರಿಗೂ ಹೇಳಿರಲಿಲ್ಲವಂತೆ.

ಬಿಲಾಲನಿಗೆ ಅವನನ್ನು ಕಂಡು ಸಂತೋಷವೇನೋ ಆಯಿತು. ಒರಟು ಕೈಯನ್ನು ಒರೆಸಿಕೊಂಡು ಅಪ್ಪಿಕೊಂಡ, ಬಿಸಿ ಖಾರಾ ತಟ್ಟೆಗೆ ಹಾಕಿಕೊಟ್ಟ. ಕೊಟ್ರೇಶ ಎದುರು ಕುಳಿತು, ಬಿಡಿಸಿ ಬಿಡಿಸಿ, ಬಂದೂಕಿನ ಕತೆ ಹೇಳಿದ, ಬೆರಳಿನ ಕತೆ ಹೇಳಿದ. ಹಳೆಯ ಯಲವಿಗಿ ಇನ್ನೂ ಬಿಟ್ಟಿಲ್ಲ ನೋಡು, ನಿನಗೂ ಅದು ಮರೆತಿರಲಿಕ್ಕಿಲ್ಲ ಎಂದು ನಕ್ಕ.

ಬಿಲಾಲ ಅವನ ಮುಖವನ್ನೇ ನೋಡಿದ. ಯಾವ ಯಲವಿಗಿ, ಯಲವಿಗಿಯಲ್ಲಿ ಏನಾಯಿತು ಎಂದು ಕೇಳಿದ.

ಕೊಟ್ರೇಶ ನೆನಪು ಮಾಡಿಕೊಡಲು ಹೋದ. ನಾನು ಅನ್ನುತ್ತಿದ್ದೆ, ಜೊತೆಗೆ ನೀನೂ ಅನ್ನುತ್ತಿದ್ದೆ, ನಿನ್ನ ತುಟಿ ಅಲುಗುವುದನ್ನು ದಿನಾ ನೋಡಿದ್ದೇನೆ ಅಂದ.

“ನನಗ ಏನೂ ಕೇಳ್ತಿರಲಿಲ್ಲೋ ಕೊಟ್ರ್ಯಾ,” ಅಂದ ಬಿಲಾಲ. “ನೀ ಏನಂತಿದ್ದಿ ಅಂತ ಇವತ್ತ ಗೊತ್ತಾತು. ನಾ ಕಲ್ಮಾ ಹೇಳ್ಕೊಂತಿದ್ದೆ. ಅಂಜಿಕಿ ಆಗ್ತಿತ್ತು.”

ಆಮೇಲೆ ಅವನು ಕಡಾಯಿಯ ಕಡೆ ತಿರುಗಿದ. ಖಾರಾ ಕಪ್ಪಾಗುವುದರಲ್ಲಿತ್ತು. ಕ್ವಾರಿಗೆ ಬರುವ ಮಾತಿಗೆ ಕೈ ಆಡಿಸಿ, ಆ ಸದ್ದಿನ ಹತ್ತಿರ ಇನ್ನು ಈ ಜನ್ಮದಲ್ಲಿ ಹೋಗಲಾರೆ ಅಂದ. ಹೊರಡುವಾಗ ಅರ್ಧ ಕಿಲೋ ಖಾರಾ ಕಟ್ಟಿಸಿ ಕೊಟ್ಟ, ದುಡ್ಡು ಮುಟ್ಟಲಿಲ್ಲ.

ಕೊಟ್ರೇಶನಿಗೆ ಬಹಳ ನೋವಾಯಿತು. ಬಿಲಾಲ ಸುಳ್ಳು ಹೇಳಿದ ಎಂದು ಬಸ್‌ಸ್ಟ್ಯಾಂಡಿನವರೆಗೆ ಅಂದುಕೊಂಡ. ಮರೆತಿದ್ದಾನೆ, ವಯಸ್ಸಾಯಿತು ಎಂದು ಯಲವಿಗಿಯವರೆಗೆ ಅಂದುಕೊಂಡ. ಮನೆಗೆ ಬಂದು ಖಾರಾದ ಪೊಟ್ಟಣವನ್ನು ಶೇಖವ್ವನ ಮುಂದೆ ಇಟ್ಟ. ಅವಳು ರುಚಿ ನೋಡಿ ಚೆನ್ನಾಗಿದೆ ಅಂದಳು, ಯಾರ ಅಂಗಡಿಯದು ಎಂದು ಕೇಳಿದಳು. ಒಬ್ಬ ಗುರುತಿನವನದು ಅಂದ. ದೋಸ್ತ ಅನ್ನಲು ಬಾಯಿ ಬರಲಿಲ್ಲ. ಇಷ್ಟು ವರ್ಷ ತನ್ನ ಬದುಕಿನಲ್ಲಿ ಒಂದು ಜಾಗದಲ್ಲಾದರೂ ತಾನು ಒಂಟಿಯಾಗಿರಲಿಲ್ಲ ಎಂದು ಅವನು ನಂಬಿದ್ದ. ಆ ನಂಬಿಕೆಗೇ ಈಗ ಬಿರುಕು ಬಿದ್ದಿತ್ತು.

ಶನಿವಾರ ಅವನು ಕ್ವಾರಿಗೆ ಹೋದಾಗ ವಿದ್ಯಾ ಶೆಡ್ಡಿನ ಬಾಗಿಲಲ್ಲಿ ಕುಳಿತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. ಮಾದರಿ ಸರಿಯಿಲ್ಲ, ನಾನೇ ಸೋತೆ ಎಂದು ಮಾಲೀಕರಿಗೆ ಸಂಜೆ ಹೇಳಿಬಿಡುತ್ತೇನೆ ಅಂದಳು. ಅವಳು ಅದನ್ನು ಜಗಳವಿಲ್ಲದ ದನಿಯಲ್ಲಿ ಹೇಳಿದಳು. ಶೇಖವ್ವ ಬಳ್ಳಿ ಬಿಚ್ಚುವಾಗ ತಾನು ಹೀಗೇ ಸುಮ್ಮನೆ ನಿಂತಿದ್ದೆ ಎಂದು ಕೊಟ್ರೇಶನಿಗೆ ಅನಿಸಿತು. ತಪ್ಪು ಮಾಡದವಳ ಮೇಲೆ ತಪ್ಪು ಹೊರಿಸಿ ಮುಖ ಉಳಿಸಿಕೊಳ್ಳುವಷ್ಟು ಅವನು ಇನ್ನೂ ಕೆಟ್ಟಿರಲಿಲ್ಲ.

“ನಿನ್ನ ಬಂದೂಕು ಚಲೋ ಐತಿ ಯವ್ವಾ,” ಅಂದ. “ನನ್ನ ಬೆರಳು ಕೆಟ್ಟೈತಿ. ಗುರುವಾರನ ನೋಡಿದ್ದೆ. ಹೇಳಾಕ ಧೈರ್ಯ ಆಗಲಿಲ್ಲ.”

ವಿಡಿಯೊ ತೆಗೆಸಿ ಬೆರಳನ್ನು ತೋರಿಸಿದ. ಅವಳು ನೋಡಿದಳು, ಮತ್ತೆ ನೋಡಿದಳು. ಎರಡು ದಿನ ಮೊದಲೇ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟಿಗೆದ್ದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಬಂದೂಕು ಹಾರಿಸುವ ಪರವಾನಗಿ ಪತ್ರದಲ್ಲಿ ಕಂಪನಿಯವರು ಅವನ ಹೆಸರಿನ ಕೆಳಗೆ ವಿದ್ಯಾಳ ಹೆಸರನ್ನೂ ಬರೆಸಿದ್ದರು. ತಾನು ಮಾಡಿದ್ದನ್ನು ಅವಳು ಈ ತನಕ ಹಾರಿಸಿರಲಿಲ್ಲ, ಸದ್ದಿಗೆ ಹೆದರಿಕೆ. ಇವತ್ತು ನೀನೇ ಮಲಗಬೇಕು, ಬೇರೆ ದಾರಿಯಿಲ್ಲ ಎಂದು ಅವನು ಜಮಖಾನ ಹಾಸಿದ. ಅವಳನ್ನು ಬಲಕ್ಕೆ ಮಲಗಿಸಿ, ಕಿವಿಗೆ ಮುಚ್ಚಳ ಹಾಕಿಸಿ, ಹಿಡಿಯನ್ನು ಭುಜಕ್ಕೆ ಒತ್ತಿಕೊಳ್ಳುವುದನ್ನು ಹೇಳಿಕೊಟ್ಟ. ತಾನೂ ಕಿವಿ ಮುಚ್ಚಿಕೊಂಡು ಎಡಕ್ಕೆ ಬಂದು ಬೋರಲು ಮಲಗಿದ. ಆ ಖಾಲಿ ಜಾಗದಲ್ಲಿ ಅವನು ಮಲಗಿದ್ದು ಜೀವನದಲ್ಲಿ ಅದೇ ಮೊದಲು. ಅವಳಿಗೆ ಧೈರ್ಯ ಬರಲೆಂದು ಬಲಗೈಯನ್ನು ಅವಳ ಭುಜದ ಮೇಲೆ ಇಟ್ಟ.

ಅವಳು ಒತ್ತಿದಳು.

ಕೊಟ್ರೇಶನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಹಲ್ಲು ಅದುರಿದವು. ಬಂದೂಕಿನ ಹಿಂದೆ ಅವನು ಕೇಳುತ್ತ ಬಂದದ್ದು ಬೇರೆ ಸದ್ದು, ಇಲ್ಲಿ ನಳಿಗೆಯ ಮಗ್ಗುಲಲ್ಲಿ ಬೀಳುವ ಸದ್ದೇ ಬೇರೆ. ಕಿವಿಗೆ ಮುಚ್ಚಳವಿದ್ದೂ ಹೀಗೆ. ಫೌಜಿನ ದಿನಗಳಲ್ಲಿ ಬಿಲಾಲನ ಕಿವಿಯಲ್ಲಿ ಇದ್ದದ್ದು ಒಂದೊಂದು ಹತ್ತಿಯ ಉಂಡೆ. ಗುಂಡೂ ಹೀಗೆ ಒಂದೊಂದಲ್ಲ, ಯಲವಿಗಿ ಅನ್ನುವಷ್ಟು ಉದ್ದಕ್ಕೆ, ಮತ್ತೆ ಮತ್ತೆ, ವರ್ಷಗಟ್ಟಲೆ. ಇಲ್ಲಿ ಮಲಗಿದವನಿಗೆ ಊರಿನ ಹೆಸರಲ್ಲ, ಹೆತ್ತವ್ವ ಕರೆದರೂ ಕೇಳುವ ಹಾಗಿರಲಿಲ್ಲ. ಬಿಲಾಲ ಸುಳ್ಳನ್ನೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ವಿದ್ಯಾ ಬೆರಳು ಬಿಟ್ಟಳು, ಒತ್ತಿದಳು. ಬಿಟ್ಟಳು, ಒತ್ತಿದಳು. ಒಂದು ಒತ್ತಿಗೆ ಒಂದೇ ಗುಂಡು. ಮ್ಯಾಗಜೀನ್ ಖಾಲಿಯಾಯಿತು, ಅವನು ಬದಲಿಸಿದ. ಅದೂ ಖಾಲಿಯಾಯಿತು. ಒಮ್ಮೆಯೂ ಎರಡು ಹಾರಲಿಲ್ಲ. ತನ್ನ ಕೈ ಹುಡುಗಿಯ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಅವನು ಆಗ ನೋಡಿದ. ಧೈರ್ಯ ಕೊಡುವ ಕೈ ಹಾಗಿರುವುದಿಲ್ಲ. ಅದು ಬೀಳುವವನ ಹಿಡಿತ. ತನ್ನ ಭುಜದ ಮೇಲೆ ಅಷ್ಟು ವರ್ಷ ಇದ್ದ ಕೈಯನ್ನು ನೆನೆದು ಅವನಿಗೆ ಅಳು ಬಂತು. ನಾಚಿಕೆಯಿಂದಲೂ ಬಂತು.

ವಿದ್ಯಾ ಎದ್ದು ಮಾಲೀಕರಿಗೆ ಫೋನ್ ಮಾಡಿದಳು. ನಗುತ್ತ, ಮಾತಾಡುತ್ತ ಕ್ವಾರಿಯ ತುಂಬ ಓಡಾಡಿದಳು. ಕೊಟ್ರೇಶ ಜಮಖಾನದ ಮೇಲೆ ಎದ್ದು ಕುಳಿತಿದ್ದ. ಕಿವಿಯಲ್ಲಿ ಗುಂಯ್ ಅನ್ನುವುದು ಇನ್ನೂ ನಿಂತಿರಲಿಲ್ಲ. ಅವಳು ಬಂದು ಎದುರು ಕುಕ್ಕರಗಾಲಲ್ಲಿ ಕುಳಿತು, ಸಿಟ್ಟಿನಲ್ಲಿ ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದಳು. ಇನ್ನು ಮುಂದೆ ಹಾರಿಸುವುದು ತಾನೇ, ಸೋಮವಾರವೂ ತಾನೇ.

“ನೀವು ಬಾಜೂಕ ಇದ್ರ ನನಗ ಧೈರ್ಯ ಬರ್ತದ ಕಾಕಾ. ದಿನಾ ಬರ್ರಿ, ನನ್ನ ಬಾಜೂಕ ಮಲಗ್ರಿ. ಸಾಹೇಬ್ರಿಗೆ ನಾ ಹೇಳ್ತೇನಿ.”

ಅವನಿಗೆ ಬೇಕಾದದ್ದು ಅದೇ ಆಗಿತ್ತು. ದಿನಾ ಬರಲು ಒಂದು ಜಾಗ, ಮಗ್ಗುಲಲ್ಲಿ ಒಂದು ಜೀವ. ಹೂಂ ಅಂದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿತ್ತು. ಅವನು ಜಮಖಾನದ ಎಡಭಾಗವನ್ನು ಕೈಯಿಂದ ಸವರಿದ, ಕಲ್ಲಿನ ಪುಡಿ ಅಂಟಿಕೊಂಡಿತು.

“ಬ್ಯಾಡವ್ವಾ,” ಅಂದ. “ನೀ ಒಬ್ಬಾಕಿನ ಹಾರಿಸು. ಇಲ್ಲೆ ಯಾರನ್ನೂ ಮಲಗಿಸಬ್ಯಾಡ. ಇಲ್ಲೆ ಮಲಗಿದವ್ರಿಗೆ ಏನಾಗ್ತೈತಿ ಅಂತ ಹಾರಿಸೋರಿಗೆ ತಿಳಿಯೂದಿಲ್ಲ.”

ವಿದ್ಯಾಳಿಗೆ ಅದು ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಲೂ ಇಲ್ಲ. ಆ ಮಾತನ್ನು ಯಾರಿಗೆ ಹೇಳಬೇಕಾಗಿತ್ತೋ ಅವನು ಸವಣೂರಿನಲ್ಲಿ ಕಡಾಯಿಯ ಮುಂದೆ ಕುಳಿತಿದ್ದ, ಮತ್ತು ಅವನಿಗೆ ಕೇಳಿಸುತ್ತಿರಲಿಲ್ಲ.